ಕೆಮ್ಮಿನ ಬಾಟ್ಲಿಯೂ ಎರಡು ಗೆರಟೆಯೂ

(ಶಾಲೆಯ ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಸಂಚಾಲಕರು ಫೋನು ಮಾಡಿ, ‘ಡಾಕ್ಟ್ರೇ, ನಿಮ್ಮ ವಿಷಯ ಯಾವುದು?’ ಎಂದು ಕೇಳಿದರು. ಹೃದಯಾಘಾತ, ಸಕ್ಕರೆ ಕಾಯಿಲೆ ಎಂದು ಏನಾದರೂ ದೊಡ್ಡದನ್ನು ಹೇಳುತ್ತೇನೆಂದು ಅವರು ಎಣಿಸಿದ್ದರು. ನಾನು ‘ಕೆಮ್ಮು’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಬರೀ ಕೆಮ್ಮಾ?’ ಎಂದರು. ಬರೀ ಕೆಮ್ಮೇ. ಮತ್ತೆ ಒಂದು ಬೇಡಿಕೆಯನ್ನೂ ಇಟ್ಟೆ. ಮನೆಯಲ್ಲಿ ಅರ್ಧ ಖಾಲಿಯಾದ ಕೆಮ್ಮಿನ ಬಾಟ್ಲಿ ಇದ್ದವರು ಅದನ್ನು ತರಬೇಕು ಎಂದು ಮಕ್ಕಳ ಕೈಯಲ್ಲಿ ಚೀಟಿ ಕಳುಹಿಸಿ ಎಂದೆ. ಈಗ ನೋಡಿ, ಈ ಮೇಜಿನ ಮೇಲೆ ಮದ್ದಿನ ಅಂಗಡಿಯನ್ನೇ ಇಟ್ಟ ಹಾಗಿದೆ. ಕೆಂಪು, ಹಸಿರು, ಕಿತ್ತಳೆ ಬಣ್ಣದವು. ಇವುಗಳಲ್ಲಿ ಕೆಲವನ್ನು ಬರೆದುಕೊಟ್ಟವನು ನಾನೇ ಇರಬಹುದು.

ನಮ್ಮ ಶಾಲೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಹತ್ತಿರ, ಮೂರೂ ದೂರ. ಬಸ್ಸು ಸಿಕ್ಕಿದ ಕಡೆಗೆ ಹೋಗುವುದು ನಮ್ಮ ಊರಿನ ಕ್ರಮ. ನಾನೂ ಹಾಗೇ. ಡಾಕ್ಟರಿಕೆ ಕಲಿತು ಬಂದ ಮೇಲೆ ಮೊದಲು ಬೆಳ್ತಂಗಡಿಯ ಕಡೆ, ಆಮೇಲೆ ಸಂಜೆ ಹೊತ್ತು ಬಂಟ್ವಾಳದಲ್ಲಿ, ಈಗ ಮೂಡುಬಿದಿರೆಯಲ್ಲಿ, ಹೀಗೆ ಮೂವತ್ತಕ್ಕೂ ಹೆಚ್ಚು ವರ್ಷ ಕೂತು ಮದ್ದು ಕೊಟ್ಟಿದ್ದೇನೆ. ತುಳುವಿನಲ್ಲಿ ಕೆಮ್ಮಿಗೆ ಒಂದು ಊರಿನವರು ಸೆಮ್ಮ ಎನ್ನುತ್ತಾರೆ, ಇನ್ನೊಂದು ಊರಿನವರು ತೆಮ್ಮ ಎನ್ನುತ್ತಾರೆ. ಹೆಸರು ಯಾವುದಾದರೂ ಜೂನ್ ಬಂತೆಂದರೆ ಮೂರೂ ಊರಿನ ಕ್ಲಿನಿಕ್ಕಿನ ಬೆಂಚು ಕೆಮ್ಮುತ್ತದೆ. ಚಳಿಗಾಲದಲ್ಲಿ ಇನ್ನೊಮ್ಮೆ.

ಮೊದಲು ನಮ್ಮ ವಿಜ್ಞಾನದ ಮಾಸ್ಟ್ರ ಒಂದು ಪಾಠವನ್ನು ನೆನೆಯಬೇಕು. ಪ್ರಯೋಗಶಾಲೆ ಎಂದರೆ ಆಗ ನಮಗೆ ಒಂದು ಕಪಾಟು, ಅದರಲ್ಲಿ ಎರಡು ಬೀಕರು, ಒಂದು ಒಡೆದ ಲೆನ್ಸು. ಆದ್ದರಿಂದ ಮಾಸ್ಟ್ರು ತೆಂಗಿನ ಗೆರಟೆಯಲ್ಲಿ ಪಾಠ ಮಾಡಿದರು. ಎರಡು ಗೆರಟೆಯಲ್ಲಿ ಒಂದೇ ಮಣ್ಣು, ಒಂದೇ ಅಲಸಂಡೆ ಬೀಜ, ಒಂದೇ ನೀರು. ಒಂದನ್ನು ಕಿಟಕಿಯಲ್ಲಿ ಇಟ್ಟರು, ಇನ್ನೊಂದನ್ನು ಕಪಾಟಿನ ಒಳಗೆ. ನಾನು ದೊಡ್ಡ ಬುದ್ಧಿವಂತನ ಹಾಗೆ, ‘ಸರ್, ಕಿಟಕಿಯದ್ದು ಒಂದೇ ಸಾಕಲ್ಲ, ಗಿಡ ಬಂದದ್ದು ಕಾಣುತ್ತದಲ್ಲ’ ಎಂದೆ. ಅವರು, ‘ಮಾರಾಯ, ಗಿಡ ಬಂದದ್ದು ನಿನಗೆ ಕಾಣುತ್ತದೆ. ಬೆಳಕಿನಿಂದ ಬಂತೋ ಬೆಳಕಿಲ್ಲದೆಯೂ ಬರುತ್ತಿತ್ತೋ ಎಂಬುದು ಎರಡನೇ ಗೆರಟೆ ಇಲ್ಲದೆ ಹೇಗೆ ಕಾಣುತ್ತದೆ?’ ಎಂದರು. ನಾನು ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡೆ. ಆಮೇಲೆ ಇಪ್ಪತ್ತು ವರ್ಷ ಮರೆತೆ.

ಮರೆತದ್ದು ಹೇಗೆ ಎಂಬುದೇ ಇವತ್ತಿನ ಕಥೆ.

ಕ್ಲಿನಿಕ್ ಶುರು ಮಾಡಿದ ಹೊಸತರಲ್ಲಿ ಒಬ್ಬ ತಾಯಿ ಮೂರು ವರ್ಷದ ಮಗುವನ್ನು ಎತ್ತಿಕೊಂಡು ಬರುತ್ತಾಳೆ. ಶೀತ, ಮೂಗು ಸುರಿಯುತ್ತದೆ, ರಾತ್ರಿಯಿಡೀ ಕೆಮ್ಮು. ಎದೆ ಪರೀಕ್ಷೆ ಮಾಡಿದರೆ ಏನೂ ಇಲ್ಲ. ಒಂದು ಸಿರಪ್ ಬರೆದುಕೊಡುತ್ತೇನೆ. ಮೂರು ದಿನ ಕಳೆದು ತಾಯಿ ಬಂದು, ‘ಡಾಕ್ಟ್ರೇ, ನಿಮ್ಮ ಮದ್ದು ಒಳ್ಳೆದುಂಟು, ಕುಡಿದ ಕೂಡಲೇ ಮಗು ನಿದ್ದೆ ಮಾಡಿತು, ಈಗ ಕೆಮ್ಮು ಕಡಿಮೆ’ ಎನ್ನುತ್ತಾಳೆ. ನನಗೆ ಸಂತೋಷ. ಅವಳು ಪಕ್ಕದ ಮನೆಯವರಿಗೆ ಹೇಳುತ್ತಾಳೆ. ಅವರೂ ಬರುತ್ತಾರೆ. ಹೀಗೆ ಒಬ್ಬ ಡಾಕ್ಟರ ಹೆಸರು ಊರಲ್ಲಿ ಬೆಳೆಯುತ್ತದೆ. ಇದರಲ್ಲಿ ಎರಡನೇ ಗೆರಟೆ ಎಲ್ಲಿ? ಮದ್ದು ಕೊಡದಿದ್ದರೆ ಆ ಮಗು ಮೂರನೇ ದಿನ ಹೇಗಿರುತ್ತಿತ್ತು ಎಂದು ನಾನು ಒಮ್ಮೆಯೂ ನೋಡಿದವನಲ್ಲ.

ಬಾಟ್ಲಿಯಲ್ಲಿ ಏನಿದೆ ಎಂದು ಈಗ ನೋಡುವ. (ಒಂದು ಬಾಟ್ಲಿಯನ್ನು ಎತ್ತಿ ಓದುತ್ತಾ) ಇದರಲ್ಲಿ ಕ್ಲೋರ್‌ಫೆನಿರಮಿನ್ ಮೇಲಿಯೇಟ್, ಫೆನೈಲೆಫ್ರಿನ್. ಇದರಲ್ಲಿ ಕ್ಲೋರ್‌ಫೆನಿರಮಿನ್, ಡೆಕ್ಸ್ಟ್ರೊಮೆಥಾರ್ಫನ್. ಇದರಲ್ಲಿ ಡೈಫೆನ್‌ಹೈಡ್ರಮಿನ್, ಅಮೋನಿಯಂ ಕ್ಲೋರೈಡ್. ಅಕ್ಷರ ಎಷ್ಟು ಸಣ್ಣದೆಂದರೆ, ಇದನ್ನು ಓದಬೇಕಾದ ಅಜ್ಜಿಗೆ ಕನ್ನಡಕ ಸಾಲದು, ಭೂತಗನ್ನಡಿ ಬೇಕು. ಅದೂ ಇಂಗ್ಲಿಷಿನಲ್ಲಿ. ಬಣ್ಣ ಬೇರೆ, ಹೆಸರು ಬೇರೆ, ಒಳಗೆ ಪುನಃ ಪುನಃ ಸಿಗುವ ಮನುಷ್ಯ ಒಬ್ಬನೇ. ಕ್ಲೋರ್‌ಫೆನಿರಮಿನ್ ಅಥವಾ ಅವನ ಅಣ್ಣ ಡೈಫೆನ್‌ಹೈಡ್ರಮಿನ್. ಈ ಕುಟುಂಬದ ಹೆಸರು ಆಂಟಿಹಿಸ್ಟಮಿನ್.

ಹಿಸ್ಟಮಿನ್ ನಮ್ಮ ದೇಹದಲ್ಲೇ ಇರುವ ವಸ್ತು. ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಸಂಗಡಿಗರು 1910ರ ಸುಮಾರಿಗೆ ಅದರ ಗುಣವನ್ನು ಕಂಡರು. ಚೂರಿ ಹುಳ ತಾಗಿದರೆ ಮೈ ದದ್ದು ಏಳುತ್ತದಲ್ಲ, ಧೂಳು ಹೋದರೆ ಸಾಲಾಗಿ ಸೀನು ಬರುತ್ತದಲ್ಲ, ಅದರ ಹಿಂದೆ ಇರುವುದು ಹಿಸ್ಟಮಿನ್. ಅದನ್ನು ತಡೆಯುವ ಮೊದಲ ವಸ್ತುವನ್ನು 1937ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಕಂಡುಹಿಡಿದರು. 1957ರಲ್ಲಿ ಅವರಿಗೆ ನೊಬೆಲ್ ಬಂತು. ಅಮೆರಿಕದ ಜಾರ್ಜ್ ರಿವೆಷ್ಲ್ ತಯಾರಿಸಿದ ಡೈಫೆನ್‌ಹೈಡ್ರಮಿನ್ 1946ರಲ್ಲಿ ಬೆನಡ್ರಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆ ಹೆಸರು ನಮ್ಮ ಅಜ್ಜಿಯಂದಿರಿಗೂ ಗೊತ್ತು. ಅಲರ್ಜಿಗೆ ಇವು ಒಳ್ಳೆಯ ಮದ್ದುಗಳು, ಅದರಲ್ಲಿ ಎರಡು ಮಾತಿಲ್ಲ. ಮೈ ತುರಿಸಿ ನಿದ್ದೆಯಿಲ್ಲದೆ ಬಂದವನಿಗೆ ಈಗಲೂ ನಾನು ಕೊಡುವುದು ಇದೇ ಜಾತಿಯದ್ದು.

ಆದರೆ ಮೂಗು ಸುರಿಯುವುದಕ್ಕೂ ಸೀನಿಗೂ ಆಗುತ್ತದಾದರೆ ಶೀತಕ್ಕೂ ಆಗಬೇಕಲ್ಲ, ಶೀತದ ಕೆಮ್ಮಿಗೂ ಆಗಬೇಕಲ್ಲ ಎಂಬ ಲೆಕ್ಕ ಹುಟ್ಟಿತು. 1949-50ರ ಹೊತ್ತಿಗೆ ಅಮೆರಿಕದಲ್ಲಿ ಶೀತಕ್ಕೆ ಆಂಟಿಹಿಸ್ಟಮಿನ್ ಮಾರುವ ಭರಾಟೆಯೇ ನಡೆಯಿತು. ಆಗ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಎರಡು ಗೆರಟೆ ಇಟ್ಟಿತು. ಶೀತ ಹಿಡಿದವರಲ್ಲಿ ಕೆಲವರಿಗೆ ಆಂಟಿಹಿಸ್ಟಮಿನ್ ಮಾತ್ರೆ, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ತಿಂದವನಿಗೂ ಗೊತ್ತಿಲ್ಲ, ಕೊಟ್ಟವನಿಗೂ ಗೊತ್ತಿಲ್ಲ. ಫಲಿತಾಂಶ 1950ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಹಾಗೆ ಗುಣವಾಗಿದ್ದರು. ಮದ್ದಿನ ಪ್ರಯೋಜನ ಹೇಳಿಕೊಳ್ಳುವಷ್ಟು ಇರಲಿಲ್ಲ.

1950. ನಮ್ಮ ಶಾಲೆ ಹುಟ್ಟಲು ಇನ್ನೂ 25 ವರ್ಷ ಇತ್ತು. ನಾನು ಮೊದಲ ಸಿರಪ್ ಬರೆಯಲು 40 ವರ್ಷಕ್ಕಿಂತ ಹೆಚ್ಚು ಇತ್ತು. ಅಷ್ಟು ಹಳೆಯ ಸಂಗತಿ ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಕಾಲೇಜಿನಲ್ಲಿ ಮದ್ದಿನ ಗುಣ ಓದಿದ್ದೆವು, ಪ್ರಮಾಣ ಓದಿದ್ದೆವು. ಅದು ಕೆಲಸ ಮಾಡುತ್ತದೋ ಇಲ್ಲವೋ ಎಂಬುದನ್ನು ಮದ್ದಿನ ಕಂಪೆನಿಯ ಪ್ರತಿನಿಧಿ ಹೊಳೆಯುವ ಕಾಗದದಲ್ಲಿ ತಂದು ತೋರಿಸುತ್ತಿದ್ದ.

ನನ್ನ ಕಣ್ಣು ತೆರೆದದ್ದು ಮಂಗಳೂರಿನಲ್ಲಿ ನಡೆದ ಒಂದು ವೈದ್ಯರ ಸಭೆಯಲ್ಲಿ. ಅಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಯಾನ್ ಪಾಲ್ ಎಂಬ ಮಕ್ಕಳ ವೈದ್ಯರೂ ಸಂಗಡಿಗರೂ ಮಾಡಿದ, 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಮಾತು ಬಂತು. ಶೀತದಿಂದ ರಾತ್ರಿ ಕೆಮ್ಮುವ ನೂರು ಮಕ್ಕಳು. ಮೊದಲ ರಾತ್ರಿ ಮದ್ದಿಲ್ಲ. ಎರಡನೇ ರಾತ್ರಿ ಮಲಗುವ ಮೊದಲು ಕೆಲವರಿಗೆ ಡೈಫೆನ್‌ಹೈಡ್ರಮಿನ್, ಕೆಲವರಿಗೆ ಡೆಕ್ಸ್ಟ್ರೊಮೆಥಾರ್ಫನ್, ಉಳಿದವರಿಗೆ ಮದ್ದಿಲ್ಲದ ಸಿಹಿ ಪಾನಕ. ಬೆಳಿಗ್ಗೆ ಅಪ್ಪ ಅಮ್ಮಂದಿರನ್ನು ಕೇಳಿದರು: ಕೆಮ್ಮು ಹೇಗಿತ್ತು, ಮಗು ನಿದ್ದೆ ಮಾಡಿತೇ, ನೀವು ನಿದ್ದೆ ಮಾಡಿದಿರೇ? ಎಲ್ಲರೂ ಹೇಳಿದ್ದು, ನಿನ್ನೆಗಿಂತ ವಾಸಿ. ಮೂರೂ ಗುಂಪಿನವರು! ಮದ್ದು ಕುಡಿದ ಮಕ್ಕಳಿಗೂ ಪಾನಕ ಕುಡಿದ ಮಕ್ಕಳಿಗೂ ವ್ಯತ್ಯಾಸ ಕಾಣಲಿಲ್ಲ.

ಆ ಕ್ಷಣ ನನಗೆ ಕಪಾಟಿನೊಳಗಿನ ಗೆರಟೆ ನೆನಪಾಯಿತು. ನಾನು ಬರೆದುಕೊಟ್ಟ ಅಷ್ಟೂ ಬಾಟ್ಲಿಗಳು, ‘ನಿಮ್ಮ ಮದ್ದು ಒಳ್ಳೆದುಂಟು’ ಎಂದ ಅಷ್ಟೂ ತಾಯಂದಿರು ಕಣ್ಣಮುಂದೆ ಬಂದರು. ಅವರು ಸುಳ್ಳು ಹೇಳಿದವರಲ್ಲ. ಮಗು ವಾಸಿಯಾದದ್ದು ಸತ್ಯ. ವಾಸಿ ಮಾಡಿದ್ದು ಬಾಟ್ಲಿ ಎಂಬುದು ಮಾತ್ರ ನಾವು ಸೇರಿಸಿಕೊಂಡದ್ದು.

ಆಮೇಲೆ ಹುಡುಕಿ ಓದಲು ತೊಡಗಿದೆ. ಕಾಕ್ರೇನ್ ಎಂಬ ಒಂದು ಸಂಸ್ಥೆ ಇದೆ. ಜಗತ್ತಿನಲ್ಲಿ ನಡೆದ ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ತೂಗಿ ನೋಡುವುದು ಅವರ ಕೆಲಸ. ಶೀತಕ್ಕೆ ಆಂಟಿಹಿಸ್ಟಮಿನ್ ಬಗ್ಗೆ 2015ರಲ್ಲಿ ಅವರು 18 ಪ್ರಯೋಗಗಳನ್ನು ತೂಗಿದರು. ಅವುಗಳಲ್ಲಿ 4,342 ಜನ. ದೊಡ್ಡವರಲ್ಲಿ ಮೊದಲ ಒಂದೆರಡು ದಿನ ಸ್ವಲ್ಪ ಪ್ರಯೋಜನ ಕಂಡಿತು. ನೂರು ಜನ ಮದ್ದು ತಿಂದರೆ 45 ಮಂದಿ ‘ವಾಸಿ’ ಎಂದರು, ಹುಸಿ ಮಾತ್ರೆ ತಿಂದವರಲ್ಲಿ 38 ಮಂದಿ ಹಾಗೆಂದರು. ಮೂರನೇ ದಿನದ ನಂತರ ಆ ವ್ಯತ್ಯಾಸವೂ ಉಳಿಯಲಿಲ್ಲ. ಮಕ್ಕಳಲ್ಲಿ ಉಪಯೋಗವಿದೆ ಎನ್ನಲು ಆಧಾರ ಸಿಗಲಿಲ್ಲ. ಆ ಲೆಕ್ಕದಲ್ಲಿ ಮಕ್ಕಳ ಸಂಖ್ಯೆಯೇ 212. ಜಗತ್ತಿನ ಮಕ್ಕಳಿಗೆಲ್ಲ ಕುಡಿಸುವ ಮದ್ದನ್ನು ಪರೀಕ್ಷಿಸಿ ನೋಡಿದ್ದು ನಮ್ಮ ಶಾಲೆಯ ಮಕ್ಕಳಷ್ಟರ ಮೇಲೆ!

ಯಾಕೆ ಕೆಲಸ ಮಾಡುವುದಿಲ್ಲ? ಅಲರ್ಜಿಯ ಸೀನಿನಲ್ಲಿ ಯಜಮಾನಿಕೆ ಹಿಸ್ಟಮಿನಿನದ್ದು. ವೈರಸ್ಸಿನ ಶೀತದಲ್ಲಿ ಅದರ ಪಾತ್ರ ಸಣ್ಣದು. ಬ್ರಾಡಿಕೈನಿನ್ ಮುಂತಾದ ಬೇರೆ ವಸ್ತುಗಳು ಅಲ್ಲಿ ಕೆಲಸ ಮಾಡುತ್ತಿರುತ್ತವೆ. ಕಳ್ಳ ಇರುವುದು ಹಿತ್ತಿಲಲ್ಲಿ, ನಾವು ಬೀಗ ಹಾಕುವುದು ಎದುರಿನ ಬಾಗಿಲಿಗೆ. ಹಾಗಾದರೆ ದೊಡ್ಡವರಿಗೆ ಆ ಎರಡು ದಿನದ ಸ್ವಲ್ಪ ಸುಖ ಎಲ್ಲಿಂದ? ಹಳೆಯ ಆಂಟಿಹಿಸ್ಟಮಿನ್‌ಗಳಿಗೆ ಇನ್ನೆರಡು ಗುಣ ಇವೆ. ಮಿದುಳಿಗೆ ಹೋಗಿ ಮಂಪರು ತರುತ್ತವೆ. ಮೂಗು, ಬಾಯಿ, ಗಂಟಲಿನ ಪಸೆಯನ್ನು ಒಣಗಿಸುತ್ತವೆ. ಮೂಗಿನ ಹಿಂಭಾಗದಿಂದ ಗಂಟಲಿಗೆ ಇಳಿಯುವ ಸಿಂಬಳದಿಂದ ಕೆಮ್ಮು ಬರುವ ದೊಡ್ಡವರಿಗೆ ಈ ಒಣಗಿಸುವ ಗುಣ ಉಪಕಾರ ಮಾಡಬಹುದು. ಅಂಥವರಿಗೆ ಹಳೆಯ ಆಂಟಿಹಿಸ್ಟಮಿನನ್ನು ಮೂಗು ಬಿಡಿಸುವ ಮದ್ದಿನ ಜೊತೆ ಕೊಡಬಹುದು ಎಂದು ಅಮೆರಿಕದ ಎದೆರೋಗ ವೈದ್ಯರ ಸಂಘ 2006ರಲ್ಲಿ ಹೇಳಿದೆ. ಸೆಟಿರಿಜಿನ್, ಲೊರಾಟಡಿನ್‌ನಂಥ ಹೊಸವುಗಳಿಗೆ ಮಂಪರು ಕಡಿಮೆ, ಒಣಗಿಸುವ ಗುಣವೂ ಕಡಿಮೆ. ಅಲರ್ಜಿಗೆ ಅವೇ ಒಳ್ಳೆಯವು, ಶೀತದ ಕೆಮ್ಮಿಗೆ ಪ್ರಯೋಜನವಿಲ್ಲ. ಆದ್ದರಿಂದ ನಾನು ಈ ಮದ್ದನ್ನು ದೂರುತ್ತಿಲ್ಲ. ಅದರ ಜಾಗ ಯಾವುದು ಎಂದು ಹೇಳುತ್ತಿದ್ದೇನೆ.

ಕೆಲವು ಬಾಟ್ಲಿಗಳ ತಮಾಷೆ ನೋಡಿ. ಕಫವನ್ನು ನೀರು ಮಾಡಿ ಹೊರಗೆ ತರುವ ಮದ್ದೂ ಅದರಲ್ಲೇ ಇರುತ್ತದೆ, ಪಸೆ ಒಣಗಿಸುವ ಆಂಟಿಹಿಸ್ಟಮಿನೂ ಅದರಲ್ಲೇ. ಒಬ್ಬ ಆಳು ಕೆಳಗೆ ಕಣಿ ಬಿಡಿಸುತ್ತಾನೆ, ಇನ್ನೊಬ್ಬ ಮೇಲೆ ತೋಡಿಗೆ ಕಟ್ಟ ಹಾಕುತ್ತಾನೆ, ಇಬ್ಬರಿಗೂ ಸಂಬಳ ಕೊಡುವವರು ನೀವು. 2023ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ 14 ಬೆರಕೆ ಮದ್ದುಗಳನ್ನು ನಿಷೇಧಿಸಿತು. ಕ್ಲೋರ್‌ಫೆನಿರಮಿನ್ ಸೇರಿದ ಕೆಮ್ಮಿನ ಸಿರಪ್‌ಗಳು ಆ ಪಟ್ಟಿಯಲ್ಲಿ ಇದ್ದವು, ಕೊಡೀನ್ ಜೊತೆಗಿನದ್ದೂ ಒಂದು.

ಮಂಪರು ಎಂದೆನಲ್ಲ. ಅದು ಸಣ್ಣ ಸಂಗತಿ ಅಲ್ಲ. ನಮ್ಮ ಊರಿನಲ್ಲಿ ‘ಮದ್ದು ಬಿಡುವುದು’ ಎಂದರೆ ಅಡಿಕೆ ಮರ ಹತ್ತಿ ಮೈಲುತುತ್ತು ಬಿಡುವುದು. ಮಳೆಗಾಲದ ಕೆಮ್ಮಿಗೆ ಒಂದು ಮದ್ದು ಕುಡಿದು, ಆಮೇಲೆ ಇನ್ನೊಂದು ಮದ್ದು ಬಿಡಲು ಅವನು ಜಾರುವ ಮರ ಹತ್ತುತ್ತಾನೆ. ಚಾರ್ಮಾಡಿ ಘಾಟಿಯಲ್ಲಿ ಲಾರಿ ಬಿಡುವವನೂ ಕ್ಲೀನರನ ಕೈಯಲ್ಲಿ ಮೆಡಿಕಲ್ಲಿನಿಂದ ಸಿರಪ್ ತರಿಸಿ ಕುಡಿಯುತ್ತಾನೆ. ಅವರಿಗೆ ಒಂದು ಮಾತು ಹೇಳುವವರು ಬೇಕು. ಹಾಗೆಯೇ ವಯಸ್ಸಾದ ಗಂಡಸರು. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಅಜ್ಜನಿಗೆ ಪ್ರಾಸ್ಟೇಟ್ ತೊಂದರೆ ಇತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸಿರಪ್ ಕುಡಿದ ಎರಡನೇ ರಾತ್ರಿ ಮೂತ್ರ ಕಟ್ಟಿತು. ಜೀಪು ಮಾಡಿ ಮಂಗಳೂರಿಗೆ ಕರೆದೊಯ್ದು ನಳಿಕೆ ಹಾಕಿಸಬೇಕಾಯಿತು. ‘ಕೆಮ್ಮು ನಿಂತಿತು ಡಾಕ್ಟ್ರೇ, ಉಳಿದದ್ದೂ ನಿಂತಿತು’ ಎಂದು ಆಮೇಲೆ ನಗುತ್ತಿದ್ದರು. ದೊಡ್ಡ ಮನಸ್ಸಿನವರು.

ಇನ್ನೊಂದು ಸಂಗತಿಯಲ್ಲಿ ನಗಲಿಕ್ಕೆ ಏನೂ ಇಲ್ಲ. ಹೇಳಬೇಕೋ ಬೇಡವೋ ಎಂದು ನಿನ್ನೆ ರಾತ್ರಿಯವರೆಗೂ ಯೋಚಿಸಿದೆ. ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಮಕ್ಕಳಿಗೆ ಸಿರಪ್ ಬರೆಯುವುದನ್ನು ನಾನು ಆಗಲೇ ಕಡಿಮೆ ಮಾಡಿದ್ದೆ. ದೊಡ್ಡವರ ವಿಷಯದಲ್ಲಿ ಕೈ ಇನ್ನೂ ಹಳೆಯ ರೂಢಿಯಲ್ಲೇ ಇತ್ತು. ಬೀಡಿ ಕಟ್ಟುವ ಒಬ್ಬರು ಅಕ್ಕ, ಐವತ್ತು ದಾಟಿದವರು, ಕೆಮ್ಮು ಎಂದು ಬಂದರು. ನಮ್ಮ ಈ ಮೂರೂ ತಾಲೂಕುಗಳಲ್ಲಿ ಬೀಡಿಯಿಂದ ಎಷ್ಟು ಮನೆಯ ಒಲೆ ಉರಿದಿದೆ, ಎಷ್ಟು ಮಕ್ಕಳ ಫೀಸು ಕಟ್ಟಿದೆ ಎಂಬುದು ನಿಮಗೆಲ್ಲ ಗೊತ್ತು. ಇಲ್ಲಿ ಕುಳಿತವರಲ್ಲಿ ಹಲವರು ಅಮ್ಮನ ಬೀಡಿ ಸೂಪಿನ ಪಕ್ಕದಲ್ಲಿ ಕೂತು ಓದಿದವರೇ. ‘ಹೊಗೆಸೊಪ್ಪಿನ ಧೂಳಿನ ಕೆಮ್ಮು’ ಎಂದು ಅವರೇ ಹೇಳಿದರು. ನಾನೂ ಒಪ್ಪಿದೆ. ಸಿರಪ್ ಕೊಟ್ಟೆ. ಹತ್ತು ದಿನ ಕಳೆದು ಬಂದರು, ‘ಮದ್ದು ಕುಡಿದರೆ ರಾತ್ರಿ ನಿದ್ದೆ ಬರುತ್ತದೆ, ಮುಗಿದರೆ ಪುನಃ ಕೆಮ್ಮು’ ಎಂದರು. ಬೇರೆ ಹೆಸರಿನ ಸಿರಪ್ ಕೊಟ್ಟೆ. ಹೆಸರು ಬೇರೆ, ಒಳಗಿನವನು ಅದೇ ಮನುಷ್ಯ. ಮೂರನೇ ಸಲ ಬಂದಾಗ ಕುಪ್ಪಸ ಸಡಿಲವಾದದ್ದು ನನ್ನ ಕಣ್ಣಿಗೆ ಬಿತ್ತು. ಆಗ ಕಫ ಪರೀಕ್ಷೆಗೆ ಕಳುಹಿಸಿದೆ. ಕ್ಷಯ.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಎಂಬ ಭಿತ್ತಿಪತ್ರ ನನ್ನ ಕ್ಲಿನಿಕ್ಕಿನ ಗೋಡೆಯಲ್ಲೇ ಇತ್ತು. ಅವರು ಅದರ ಅಡಿಯಲ್ಲಿ ಕೂತು ಮೂರು ಸಲ ಕೆಮ್ಮಿದ್ದರು.

ಸರ್ಕಾರದ ಮದ್ದು ಆರು ತಿಂಗಳು ತೆಗೆದುಕೊಂಡು ಅವರು ಗುಣವಾದರು. ಆದರೆ ರೋಗದ ಹೆಸರು ಹೇಳಿದ ದಿನ ಅವರು ನನಗೆ ಬೈಯಲಿಲ್ಲ, ಅಳಲಿಲ್ಲ. ‘ಮೊದಲೇ ಗೊತ್ತಿದ್ದರೆ ಮೊಮ್ಮಗಳನ್ನು ನನ್ನ ಹತ್ತಿರ ಮಲಗಿಸುತ್ತಿರಲಿಲ್ಲವಲ್ಲ ಡಾಕ್ಟ್ರೇ’ ಎಂದರು, ಅಷ್ಟೇ. ಮಗುವಿಗೆ ನಾಲ್ಕು ವರ್ಷ. ಪರೀಕ್ಷೆ ಮಾಡಿಸಿ, ರೋಗ ಬಾರದ ಹಾಗೆ ಆರು ತಿಂಗಳು ಐಸೊನಿಯಾಜಿಡ್ ಮಾತ್ರೆ ಕೊಡಿಸಿದೆವು. ಏನೂ ಆಗಲಿಲ್ಲ. ಆದರೂ ಆ ಆರು ತಿಂಗಳು ಆ ಮಗು ಒಂದು ಸೀನು ಸೀನಿದರೂ ನನಗೆ ಎದೆ ಧಸಕ್ಕೆನ್ನುತ್ತಿತ್ತು.

ಆಂಟಿಹಿಸ್ಟಮಿನ್ ಆ ಅಕ್ಕನಿಗೆ ವಿಷವೇನೂ ಆಗಲಿಲ್ಲ. ಅದು ಮಾಡಿದ್ದು ಇಷ್ಟೇ, ರಾತ್ರಿ ನಿದ್ದೆ ಬರಿಸಿ, ಅವರಿಗೂ ನನಗೂ ಏನೋ ಮದ್ದು ನಡೆಯುತ್ತಿದೆ ಎಂಬ ಸಮಾಧಾನ ಕೊಟ್ಟಿತು. ಆ ಸಮಾಧಾನದಲ್ಲಿ ಒಂದು ತಿಂಗಳು ಕಳೆಯಿತು.

ಈಗ ಮಕ್ಕಳ ಮಾತಿಗೆ ಬರುತ್ತೇನೆ. 2025ರ ಅಕ್ಟೋಬರಿನಲ್ಲಿ ನೀವೆಲ್ಲ ಟಿವಿಯಲ್ಲಿ ನೋಡಿದಿರಿ. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದು ಮೂತ್ರಪಿಂಡ ಕೆಟ್ಟು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಹೆಚ್ಚಿನವರು ಐದು ವರ್ಷದ ಒಳಗಿನವರು. ಪರೀಕ್ಷೆ ಮಾಡಿದಾಗ ಆ ಸಿರಪ್ಪಿನಲ್ಲಿ ಶೇಕಡ 48ಕ್ಕೂ ಹೆಚ್ಚು ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ರಾಸಾಯನಿಕ ಸಿಕ್ಕಿತು. ಅದು ಆಂಟಿಹಿಸ್ಟಮಿನಿನ ತಪ್ಪಲ್ಲ, ತಯಾರಿಸಿದವರ ತಪ್ಪು. ಎರಡನ್ನೂ ಬೆರೆಸಿ ಹೆದರಬಾರದು. ಆದರೆ ಆ ಲೇಬಲ್ಲಿನಲ್ಲಿ ಏನು ಬರೆದಿತ್ತು ಕೇಳಿ: ಪ್ಯಾರಸಿಟಮಾಲ್, ಫೆನೈಲೆಫ್ರಿನ್, ಕ್ಲೋರ್‌ಫೆನಿರಮಿನ್. ಕ್ಲೋರ್‌ಫೆನಿರಮಿನ್ ಮತ್ತು ಫೆನೈಲೆಫ್ರಿನ್ ಬೆರಕೆಯನ್ನು ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು, ಅದನ್ನು ಲೇಬಲ್ಲಿನಲ್ಲಿ ಬರೆಯಬೇಕು ಎಂದು ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಆದೇಶಿಸಿದ್ದರು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ತೀರಿಕೊಂಡಾಗ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದ ನಾಲ್ಕು ಸಿರಪ್‌ಗಳಲ್ಲಿ ಒಂದು ಪ್ರೊಮೆಥಜಿನ್. ಅದೂ ಇದೇ ಕುಟುಂಬದ್ದು. ಅದರಲ್ಲೂ ವಿಷ ಬೆರೆತದ್ದು ತಯಾರಿಕೆಯಲ್ಲಿ.

ನನ್ನನ್ನು ಕಾಡುವುದು ಇದು. ಎಷ್ಟೋ ಮಕ್ಕಳಿಗೆ ಆ ಬಾಟ್ಲಿಯ ಅಗತ್ಯವೇ ಇರಲಿಲ್ಲ. ಸರಿಯಾಗಿ ತಯಾರಿಸಿದ್ದರೂ ಅದು ಆ ಶೀತವನ್ನು ಒಂದು ದಿನ ಬೇಗ ಗುಣ ಮಾಡುತ್ತಿರಲಿಲ್ಲ. ಛಿಂದ್ವಾಡಾದ ಸುದ್ದಿಯ ನಂತರ, ಅಕ್ಟೋಬರ್ 3ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎಲ್ಲ ರಾಜ್ಯಗಳಿಗೂ ಬರೆಯಿತು. ಎರಡು ವರ್ಷದ ಒಳಗಿನ ಮಕ್ಕಳಿಗೆ ಕೆಮ್ಮು ಶೀತದ ಮದ್ದು ಬರೆಯಲೇಬಾರದು, ಐದು ವರ್ಷದ ಒಳಗೆ ಸಾಮಾನ್ಯವಾಗಿ ಬೇಡ, ಅದಕ್ಕಿಂತ ದೊಡ್ಡವರಿಗೂ ನೋಡಿ ವಿಚಾರಿಸಿ ಕೊಡಬೇಕು.

ಹಾಗಾದರೆ ಏನು ಮಾಡುವುದು ಎಂದು ಅಲ್ಲಿ ಹಿಂದಿನ ಸಾಲಿನಲ್ಲಿ ಮಗು ಎತ್ತಿಕೊಂಡ ಅಮ್ಮ ಕೇಳುವ ಹಾಗೆ ನೋಡುತ್ತಿದ್ದಾರೆ. ಮೊದಲು ಒಂದು ಲೆಕ್ಕ. ಶೀತದ ಕೆಮ್ಮು ಎಷ್ಟು ದಿನ ಇರುತ್ತದೆ ಎಂದು ಅಮೆರಿಕದಲ್ಲಿ ಜನರನ್ನು ಕೇಳಿದರೆ ಏಳರಿಂದ ಒಂಬತ್ತು ದಿನ ಎಂದರಂತೆ. ಪ್ರಯೋಗಗಳಲ್ಲಿ ಅಳೆದರೆ ಸರಾಸರಿ ಸುಮಾರು 18 ದಿನ. 2013ರಲ್ಲಿ ಪ್ರಕಟವಾದ ಲೆಕ್ಕ ಇದು. ನಮ್ಮಲ್ಲಿ ಮೂರನೇ ದಿನಕ್ಕೇ ‘ಇನ್ನೂ ಹೋಗಲಿಲ್ಲ’ ಎಂದು ಡಾಕ್ಟರನ್ನು ಬದಲಿಸುತ್ತಾರೆ. ಐದನೇ ದಿನ ಕೊಟ್ಟವನಿಗಿಂತ ಹದಿನೈದನೇ ದಿನ ಕೊಟ್ಟ ಡಾಕ್ಟರ ಕೈಗುಣ ಒಳ್ಳೆಯದು ಎಂದು ಹೆಸರಾಗುವುದು ಹೀಗೆ.

ಜೇನು ಕೊಡಬಹುದು. ಅದೇ ಪೆನ್ಸಿಲ್ವೇನಿಯಾದ ತಂಡ 2007ರಲ್ಲಿ 105 ಮಕ್ಕಳಲ್ಲಿ ಜೇನನ್ನೂ ಪರೀಕ್ಷಿಸಿತು. ಮಲಗುವ ಮೊದಲು ಒಂದು ಸಲ ಜೇನು ಕುಡಿದ ಮಕ್ಕಳ ಕೆಮ್ಮು ಏನೂ ಕೊಡದ ಮಕ್ಕಳಿಗಿಂತ ಕಡಿಮೆಯಾಯಿತು ಎಂದು ಹೆತ್ತವರು ಹೇಳಿದರು. ನಮ್ಮ ಅಜ್ಜಿಯರು ಗೆದ್ದರು ಎಂದು ಚಪ್ಪಾಳೆ ತಟ್ಟಬೇಡಿ, ಒಂದು ಷರತ್ತು ಇದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡ. ಬಾಟುಲಿಸಂ ಎಂಬ ಅಪರೂಪದ, ಆದರೆ ಕೆಟ್ಟ ಕಾಯಿಲೆ ಬರಬಹುದು. ಹುಟ್ಟಿದ ಮಗುವಿನ ನಾಲಗೆಗೆ ಜೇನು ಮುಟ್ಟಿಸುವ ಕ್ರಮ ಇದ್ದವರು ಅದನ್ನು ಬಿಡುವುದು ಒಳ್ಳೆಯದು. ಶುಂಠಿ, ಒಳ್ಳೆಮೆಣಸಿನ ಕಷಾಯಕ್ಕೆ ದೊಡ್ಡವರಿಗೆ ನನ್ನ ತಕರಾರಿಲ್ಲ. ಆಡುಸೋಗೆಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅದರಲ್ಲಿರುವ ವ್ಯಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿ ಇಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ಎಂಬ ಕಫದ ಮದ್ದನ್ನು ತಯಾರಿಸಿದ್ದು. ಆದರೆ ಮನೆಮದ್ದು ಎಂದ ಮಾತ್ರಕ್ಕೆ ಅದಕ್ಕೂ ಎರಡನೇ ಗೆರಟೆ ಬೇಡ ಎಂದು ಅರ್ಥವಲ್ಲ. ಬಿಸಿನೀರಿನ ಪಾತ್ರೆಗೆ ಮಗುವಿನ ಮುಖ ಹಿಡಿದು ಹಬೆ ಕೊಡಬೇಡಿ. ಪಾತ್ರೆ ಮಗುಚಿ ತೊಡೆ ಸುಟ್ಟ ಮಕ್ಕಳನ್ನು ನಾನು ನೋಡಿದ್ದೇನೆ.

ಯಾವಾಗ ಓಡಿ ಬರಬೇಕು ಎಂಬುದು ಸಿರಪ್ಪಿಗಿಂತ ಮುಖ್ಯ. ಮಗು ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಉಸಿರು ಬೇಗ ಬೇಗ ಓಡುತ್ತಿದ್ದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ರಾತ್ರಿಯಾದರೂ ಸರಿ, ಬನ್ನಿ. ಆಟವಾಡುತ್ತಿದ್ದ ಮಗುವಿಗೆ ಒಮ್ಮೆಲೇ ಕೆಮ್ಮು ಹತ್ತಿದರೆ ಕಡಲೆಬೀಜವೋ ಹುಣಸೆಬೀಜವೋ ಶ್ವಾಸನಾಳಕ್ಕೆ ಹೋಗಿರಬಹುದು. ಅದಕ್ಕೆ ಬಾಟ್ಲಿ ಹುಡುಕುತ್ತಾ ಕೂರಬಾರದು. ರಾತ್ರಿ ಮಾತ್ರ, ಅಥವಾ ಓಡಿದಾಗ ಮಾತ್ರ ಪುನಃ ಪುನಃ ಬರುವ ಕೆಮ್ಮು ದಮ್ಮು ಇರಬಹುದು. ಅದಕ್ಕೆ ಬೇಕಾದದ್ದು ಎಳೆಯುವ ಮದ್ದು. ರಕ್ತ ಬಂದರೆ, ತೂಕ ಇಳಿದರೆ, ಎರಡು ವಾರ ದಾಟಿದರೆ ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ನಿನ್ನೆ ಈ ಮಾತುಗಳನ್ನು ಒಂಬತ್ತನೇ ತರಗತಿಯ ಒಬ್ಬಳು ಹುಡುಗಿಗೆ ಓದಿ ಹೇಳಿದೆ. ನನ್ನ ಅಣ್ಣನ ಮೊಮ್ಮಗಳು, ಈ ಶಾಲೆಯವಳೇ. ಎಲ್ಲ ಕೇಳಿ ಅವಳು, ‘ಅಜ್ಜ, ಬಾಟ್ಲಿ ಕೊಡದಿದ್ದರೆ ಜನ ಬೇರೆ ಡಾಕ್ಟ್ರ ಹತ್ತಿರ ಹೋಗುವುದಿಲ್ವಾ?’ ಎಂದಳು. ಹೋಗುತ್ತಾರೆ. ಹೋಗಿದ್ದಾರೆ. ಬಾಟ್ಲಿ ಬರೆಯುವುದನ್ನು ನಿಲ್ಲಿಸಿದ ವರ್ಷ ನನ್ನ ಬೆಂಚು ಸ್ವಲ್ಪ ಖಾಲಿಯಾಯಿತು. ‘ಡಾಕ್ಟ್ರಿಗೆ ವಯಸ್ಸಾಯಿತು, ಮದ್ದು ಮರೆತಿದ್ದಾರೆ’ ಎಂದೂ ಕಿವಿಗೆ ಬಿತ್ತು. ಒಂದು ಬಾಟ್ಲಿ ಬರೆಯಲು ಅರ್ಧ ನಿಮಿಷ ಸಾಕು, ಬಾಟ್ಲಿ ಯಾಕೆ ಬೇಡ ಎಂದು ಹೇಳಲು ಹತ್ತು ನಿಮಿಷ ಬೇಕು. ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಆ ಹತ್ತು ನಿಮಿಷ ಎಲ್ಲಿಂದ ತರುವುದು ಎಂಬುದು ನನ್ನ ಕಿರಿಯ ವೈದ್ಯಮಿತ್ರರ ನಿಜವಾದ ಕಷ್ಟ. ಅದಕ್ಕೇ ಆ ಹತ್ತು ನಿಮಿಷವನ್ನು ಇವತ್ತು ನಿಮಗೆಲ್ಲ ಒಟ್ಟಿಗೆ ಕೊಟ್ಟಿದ್ದೇನೆ. ಗಡಿಯಾರ ನೋಡಿದರೆ ಹತ್ತಕ್ಕಿಂತ ಜಾಸ್ತಿಯೇ ಆಯಿತು.

ಹೋದವರಲ್ಲಿ ಕೆಲವರು ತಿರುಗಿ ಬಂದರು. ಬೀಡಿಯ ಆ ಅಕ್ಕ ಮಾತ್ರ ಎಲ್ಲಿಗೂ ಹೋಗಲಿಲ್ಲ. ಈಗ ಅವರು ಯಾರಾದರೂ ನೆರೆಯವರನ್ನು ಕರೆದುಕೊಂಡು ಬಂದರೆ, ಬಾಗಿಲಿನಲ್ಲೇ ನಿಂತು, ‘ಇವರಿಗೆ ಎಷ್ಟು ದಿನದಿಂದ ಎಂದು ಮೊದಲು ಕೇಳಿ ಡಾಕ್ಟ್ರೇ’ ಎನ್ನುತ್ತಾರೆ.

ಊಟದ ಗಂಟೆ ಆಗುತ್ತಾ ಬಂತು, ಅಡುಗೆಯವರು ಚಪ್ಪರದಿಂದ ಇಣುಕುತ್ತಿದ್ದಾರೆ. ಊಟ ಆದ ಮೇಲೆ ನಾನು ಈ ಮೇಜಿನ ಹತ್ತಿರವೇ ಇರುತ್ತೇನೆ. ಬಾಟ್ಲಿ ತಂದವರು ಬನ್ನಿ, ಹತ್ತನೇ ತರಗತಿಯ ಮಕ್ಕಳು ಕೈಯಲ್ಲಿ ಭೂತಗನ್ನಡಿ ಹಿಡಿದು ತಯಾರಾಗಿದ್ದಾರೆ. ಲೇಬಲ್ಲನ್ನು ಒಟ್ಟಿಗೆ ಓದುವ. ವಾಯಿದೆ ಮುಗಿದದ್ದನ್ನು ಆ ಮೂಲೆಯ ಪೆಟ್ಟಿಗೆಗೆ ಹಾಕಿ.